ಇಲಿಮನೆಯ ಸಂಬಂಧಗಳು

ಮೈಸೂರು
೯-೬-೧೯೭೪

ಪ್ರೀತಿಯ ಅಕ್ಕ,

ಅದೆಲ್ಲ ಸರಿ. ಆದರೆ ‘ಇಲಿಗೋಳ್ಗೆ ಲಗ್ನ ಮಾಡ್ಸ್ಕಂಡು ಕುಂತವ್ನಿಗೆ ಸ್ವಂತ ಲಗ್ನ ಬ್ಯಾಡ್ವಾ’ ಅಂತ ಬರೆಸಿದ್ದೀಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಲ್ಲಿ ಆಸ್ಪತ್ರೆಯ ಇಲಿಮನೆಯಲ್ಲಿ ಲಗ್ನ ನಿಶ್ಚಯ ಮಾಡುವವರು ರೋಗಗಳ ಸಂಶೋಧನೆ ಮಾಡುವ ಡಾಕ್ಟರಮ್ಮ. ನಾನು ಗೂಡು ತೊಳೆದು, ಕಾಳು ಹಾಕಿ, ಅವರು ಹೇಳಿದ ಗಂಡನ್ನು ಅವರು ಹೇಳಿದ ಹೆಣ್ಣಿನ ಗೂಡಿಗೆ ಬಿಡುವವನು. ಹೆಚ್ಚೆಂದರೆ ವಾಲಗದವನು ಅನ್ನು.

ಉತ್ತರ ತಡವಾಯಿತು, ಕೋಪ ಬೇಡ. ಹಂಪಾಪುರದ ಕಡೆ ಒಳ್ಳೆ ಮಳೆ ಬಿತ್ತೆಂದು ಕೋಟೆ ಬಸ್ಸಿನ ಕಂಡಕ್ಟರ್ ದೇವಯ್ಯ ಹೇಳಿದ. ಭಾವ ಹೊಗೆಸೊಪ್ಪಿನ ಸಸಿ ನೆಟ್ಟು ಮುಗಿಸಿದರೋ? ನಾನು ಚೆನ್ನಾಗಿದ್ದೇನೆ. ಹತ್ತನೇ ಕ್ಲಾಸು ಮುಗಿಸಿ ಸೋಡಾ ಅಂಗಡಿ, ಅಕ್ಕಿ ಮಿಲ್ಲು ಎಲ್ಲ ಬಿಟ್ಟೋಡಿದವನು ಈ ಕೆಲಸದಲ್ಲಿ ನಿಂತಿದ್ದೇನೆಂದರೆ ಅದು ಇಲಿಗಳ ದಯೆ. ಅವೂ ನನ್ನ ಹಾಗೆ ಕೂತಲ್ಲಿ ಕೂರುವುದಿಲ್ಲ.

ಚೆಲುವಿಯನ್ನು ನಾನೇ ತಂದುಕೊಳ್ಳಬೇಕು, ಸೋದರಮಾವನಿರುವಾಗ ಹೊರಗೆ ಕೊಟ್ಟರೆ ಊರು ಏನನ್ನುತ್ತದೆ, ಆಷಾಢಕ್ಕೆ ಮುಂಚೆ ಹೇಳದಿದ್ದರೆ ಮಿರ್ಲೆಯ ಹುಡುಗನಿಗೆ ಮಾತು ಕೊಡುತ್ತೇವೆ ಎಂದಿದ್ದೀಯ. ಇದನ್ನೆಲ್ಲ ಮದುವೆಯಾಗಬೇಕಾದ ಹುಡುಗಿಯ ಕೈಯಲ್ಲೇ ಬರೆಸಿದ ನಿನ್ನ ಧೈರ್ಯಕ್ಕೆ ಶರಣು. ನಿನಗೆ ಓದು ಬರಹ ಬಾರದು, ಅವಳಾದರೂ ಏನು ಮಾಡುತ್ತಾಳೆ? ನೀನು ಹೇಳಿದ್ದನ್ನೆಲ್ಲ ಬರೆದು ಕೆಳಗೆ ತನ್ನದೂ ಒಂದು ಸಾಲು ಸೇರಿಸಿದ್ದಾಳೆ: ‘ಮಾವ, ಬ್ಯಾಡ ಅಂದ್ರೆ ಬ್ಯಾಡ ಅನ್ನಿ. ಇಲಿ ಕತೆ ಮಾತ್ರ ಹೇಳ್ಬ್ಯಾಡಿ.’

ಏನು ಮಾಡಲಿ, ನನಗೆ ಬರುವುದು ಇಲಿ ಕತೆಯೇ.

ಇಲ್ಲಿ ಕರಿ ಇಲಿಗಳದೊಂದು ವಂಶ, ಬಿಳಿ ಇಲಿಗಳದೊಂದು ವಂಶ. ಕರಿಯವಕ್ಕೆ ವಯಸ್ಸಾಗುತ್ತ ರಕ್ತ ಬತ್ತುತ್ತದೆ. ಹೊರಗಿನಿಂದ ಬಂದ ರೋಗವಲ್ಲ. ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಸ್ವಂತ ರಕ್ತದ ಮೇಲೆ ಬೀಳುತ್ತದೆ. ‘ಮನೆ ಕಾಯೋ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ ಕಣಯ್ಯ’ ಎಂದರು ಡಾಕ್ಟರಮ್ಮ. ಬಿಳಿಯವು ನೋಡಲು ಗಟ್ಟಿಮುಟ್ಟು. ಆದರೆ ಎರಡನ್ನೂ ಕೂಡಿಸಿದರೆ ಹುಟ್ಟುವ ಕಂದು ಮರಿಗಳಿಗೆ, ಅದರಲ್ಲೂ ಹೆಣ್ಣುಮರಿಗಳಿಗೆ, ಮೂತ್ರಪಿಂಡವೇ ಕೆಡುತ್ತದೆ. ಬೇರು ಹೆಚ್ಚುಕಡಿಮೆ ಒಂದೇ, ರೋಗ ಬೇರೆ ಬೇರೆ.

ಅದನ್ನು ಕೇಳುತ್ತಿದ್ದರೆ ನಮ್ಮ ಮನೆಯೇ ಕಣ್ಣಮುಂದೆ ಬಂತು. ಅವ್ವನ ಬೆರಳ ಗಿಣ್ಣು ಊದಿ ಸೊಟ್ಟಗಾದಾಗ ವಾತ ಎಂದೆವು, ಮಾರಮ್ಮನಿಗೆ ಹರಕೆ ಹೊತ್ತೆವು. ನಿನ್ನ ಗಂಟಲು ಗಳಗಂಡದ ಹಾಗೆ ಊದಿದಾಗ ದೃಷ್ಟಿ ಎಂದು ಮುನೇಶ್ವರನಿಗೆ ಕೋಳಿ. ಚಿಕ್ಕವ್ವನಿಗೆ ತೊನ್ನು ಬಂದಾಗ ನಾಗರ ಶಾಪ ಎಂದು ಹುತ್ತಕ್ಕೆ ಹಾಲು. ‘ಹಂಗಾರೆ ಮೂರೂ ಒಂದೇ ಬೇರಿಂದಾ ಮೇಡಂ?’ ಎಂದು ಕೇಳಿದೆ. ‘ಇರಬಹುದು. ನೋಡದೆ ಹೇಗೆ ಹೇಳಲಿ? ನಿಮ್ಮಕ್ಕನ್ನ ಒಂದ್ಸಲ ಕರ್ಕೊಂಡು ಬಾ’ ಎಂದರು. ಒಬ್ಬ ದೇವರಿಂದ ಮುಗಿಯಬಹುದಾಗಿದ್ದ ಕೆಲಸಕ್ಕೆ ಮೂವರನ್ನು ಎಬ್ಬಿಸಿ ತೊಂದರೆ ಕೊಟ್ಟೆವಲ್ಲ ಅಕ್ಕ.

‘ಅಕ್ಕನ ಮಗ್ಳು ಬ್ಯಾಡ, ಹೊರಗಿನ ಸಂಬಂಧ ಮಾಡಿದ್ರೆ ಸರೋಯ್ತದಾ?’ ಎಂದೂ ಕೇಳಿದೆ. ಅವರು ನಕ್ಕುಬಿಟ್ಟರು. ‘ಕರೀದಕ್ಕೆ ಬಿಳೀದು ಹೊರಗಿನ ಸಂಬಂಧವೇ ಅಲ್ವೇನಯ್ಯ? ಇಲಿ ನೋಡಿ ಹೆಣ್ಣು ಗೊತ್ತು ಮಾಡೋಕೆ ಹೋಗ್ಬೇಡ. ಒಂದೇ ಗೂಡಲ್ಲಿ ಒಂದು ಕಾಯಿಲೆ ಬೀಳುತ್ತೆ, ಅದರ ತಂಗಿ ಮುದುಕಿಯಾದ್ರೂ ಕಾಳು ಮೇಯ್ಕೊಂಡಿರುತ್ತೆ. ಆದ್ರೆ ಗಂಡು ಹೆಣ್ಣು ಇಬ್ಬರದೂ ಒಂದೇ ಬೇರಾದ್ರೆ ಭಯ ಸ್ವಲ್ಪ ಜಾಸ್ತಿನೇ.’

ಆ ‘ಸ್ವಲ್ಪ’ ನನ್ನ ತಲೆಯೊಳಗೆ ಹೊಕ್ಕು ಕೂತಿತು. ಆದ್ದರಿಂದ ಬೇಡ ಅಕ್ಕ. ಮಿರ್ಲೆಯ ಹುಡುಗನಿಗೇ ಮಾತು ಕೊಡು. ಅವನನ್ನು ಸಾಲಿಗ್ರಾಮದ ಸಂತೆಯಲ್ಲಿ ನೋಡಿದ್ದೇನೆ. ಎತ್ತನ್ನೂ ಗದರದೆ ಮಾತಾಡಿಸುತ್ತಿದ್ದ. ಊರವರು ಏನಾದರೂ ಅಂದರೆ ತಪ್ಪು ನನ್ನ ಮೇಲೆ ಹಾಕು. ಸೋದರಮಾವನ ಶಾಸ್ತ್ರ ಒಂದನ್ನೂ ಬಿಡುವುದಿಲ್ಲ. ಹಸೆಗೆ ಅವಳನ್ನು ಕೈಹಿಡಿದು ಕರೆತರುವವನು ನಾನೇ.

ನಿನಗೂ ಭಾವನಿಗೂ ನಮಸ್ಕಾರ. ಚೆಲುವಿಗೆ ಆಶೀರ್ವಾದ. ಗಂಟಲು ತೋರಿಸುವುದಕ್ಕೆ ಬರಲೇಬೇಕು, ಇಲಿಗಳನ್ನೂ ತೋರಿಸುತ್ತೇನೆ.

ನಿನ್ನ ತಮ್ಮ,
ಜವರಯ್ಯ

ಮರೆತ ಮಾತು: ಚೆಲುವಿ, ಇಲ್ಲಿಂದ ಗಟ್ಟಿಯಾಗಿ ಓದಬೇಡ. ಅಮ್ಮನಿಗೆ ಕಾಗದ ಮುಗಿಯಿತು ಅನ್ನು.

ನೀನು ಇಲಿ ಕತೆ ಬೇಡ ಅಂದಿದ್ದೆ. ಇದು ಇಲಿ ಕತೆಯಲ್ಲ. ಯುಗಾದಿ ಬಿಸಿಲಿನಲ್ಲಿ ತುಂಬುತೋಳಿನ ಅಂಗಿ ಹಾಕಿಕೊಂಡು ನಾನು ಊರಿಗೆ ಬಂದಾಗ, ‘ಏನ್ ಮಾವ, ಮೈಸೂರ್ ಸಾಹೇಬ್ರಾಗ್ಬುಟ್ರಾ’ ಅಂತ ಆಡಿಕೊಂಡೆಯಲ್ಲ. ಮೊಣಕೈ ಹತ್ತಿರ ಚಿಕ್ಕವ್ವನಿಗಿದ್ದಂಥದೇ ಬಿಳಿ ಮಚ್ಚೆ ಎದ್ದಿದೆ. ಅಂಟುವುದಿಲ್ಲವಂತೆ, ಜೀವಕ್ಕೂ ಅಪಾಯವಿಲ್ಲವಂತೆ. ಅದಕ್ಕೆ ಈಗ ನಾನು ಅಂಜುವುದಿಲ್ಲ. ಆದರೆ ನನ್ನ ಕಡೆಯಿಂದ ಇದು, ನಿನ್ನ ಕಡೆಯಿಂದ ನಿಮ್ಮಮ್ಮನ ಗಂಟಲು. ನಾಳೆ ನಮಗೊಂದು ಹೆಣ್ಣುಮಗು ಹುಟ್ಟಿದರೆ ಅಂತ ಯೋಚಿಸಿದೆ. ಆ ಕಂದು ಮರಿಗಳು ಮೂಲೆಯಲ್ಲಿ ಮುದುರಿ ಕೂರುವುದನ್ನು ದಿನಾ ನೋಡುವವನು ನಾನು.

ನೀನು ಬೇಡವಾಗಿದ್ದರೆ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ. ಇಷ್ಟುದ್ದ ಬರೆಯಬೇಕಾಯಿತು.

ಕೋಟೆ ಬಸ್ಸು ಹೊರಡುವ ಹೊತ್ತು. ದೇವಯ್ಯನ ಕೈಗೆ ಇದನ್ನು ಕೊಡಬೇಕು. ಇಲಿಗಳಿಗೆ ನೀರಿಟ್ಟಾಯಿತು, ಅಂಗಿಯ ತೋಳು ಮೊಣಕೈ ಮೇಲಕ್ಕೆ ಮಡಚಿಯಾಯಿತು. ಇಲಿಮನೆಯ ಬಾಗಿಲು ಹಾಕಿಕೊಂಡು, ಹೀಗೇ ಬೀದಿಗಿಳಿಯುತ್ತಿದ್ದೇನೆ.