ಮೂರನೇ ಗೇರು ಮುಟ್ಟಿದವರು

ಮಾರ್ಚ್ ೧೨, ಗುರುವಾರ

ಯಾರೋ ನನ್ನ ಗೇರ್‌ಬಾಕ್ಸ್ ಮುಟ್ಟಿದ್ದಾರೆ. ಕಂಪ್ಯೂಟರ್ ಆಟದಲ್ಲಿ ನಾನು ಕಟ್ಟುತ್ತಿರುವ ಲಾರಿ ಹನ್ನೆರಡು ದಿನದಿಂದ ಮೂರನೇ ಗೇರಿಗೆ ಬಂದೊಡನೆ ಹಲ್ಲು ಜಾರಿ ನಿಂತುಬಿಡುತ್ತಿತ್ತು. ಇವತ್ತು ಕೆಲಸದಿಂದ ಬಂದು ಓಡಿಸಿದರೆ ದಿಬ್ಬವನ್ನು ಸಲೀಸಾಗಿ ಹತ್ತಿತು. ಒಂದು ಹಲ್ಲುಚಕ್ರವನ್ನು ಯಾರೋ ಕೂದಲೆಳೆಯಷ್ಟು ಸರಿಸಿದ್ದಾರೆ.

ಮನೆಯಲ್ಲಿದ್ದವರು ಅಪ್ಪ ಒಬ್ಬರೇ. ಕೈಗೆ ಪೆಟ್ಟಾಗಿ ಗ್ಯಾರೇಜು ಬಿಟ್ಟ ಮೇಲೆ ಅವರು ಸ್ಪ್ಯಾನರ್ ಹಿಡಿದಿಲ್ಲ, ಗಾಡಿಯ ಮಾತೆತ್ತಿದರೆ ಎದ್ದು ಹೋಗುತ್ತಾರೆ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಅಪ್ಪಾ, ನನ್ನ ಕಂಪ್ಯೂಟರ್ ಮುಟ್ಟಿದ್ರಾ?"

"ನಂಗ್ಯಾಕೆ ಆ ಮಕ್ಕಳಾಟ," ಅಂದರು. ತಟ್ಟೆಯಿಂದ ತಲೆ ಎತ್ತಲಿಲ್ಲ. ಕೈ ತೊಳೆಯಲು ಎದ್ದವರು ಬಾಗಿಲಲ್ಲಿ ನಿಂತು, "ಅದಕ್ಕೆ ರಿವರ್ಸೇ ಇಟ್ಟಿಲ್ವಲ್ಲಮ್ಮ," ಅಂದರು.

ನಾಳೆ ಹೊರಡುವಾಗ, ಮರೆತವಳಂತೆ ಕಂಪ್ಯೂಟರನ್ನು ಆರಿಸದೆ ಹೋಗಬೇಕು. ಕುರ್ಚಿಗೊಂದು ದಿಂಬು ಇಟ್ಟರೆ ಅವರಿಗೇ ನನ್ನ ಮೇಲೆ ಅನುಮಾನ ಬಂದೀತು, ಆದರೂ ಇಟ್ಟೇ ಹೋಗುತ್ತೇನೆ.