ಮೂವತ್ತೇಳನೆಯ ಪುಟ

ಮನೆಯಿಂದ,
ಮಾರ್ಚ್ ೧೮, ಸೋಮವಾರ ಬೆಳಿಗ್ಗೆ

ಮಗನೇ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಅಭ್ಯಾಸಬಲದಿಂದ ಬಂದದ್ದು. ಆ ಹಾಳೆ ಹರಿದುಹಾಕಿ ಹೊಸದು ತೆಗೆದುಕೊಂಡಿದ್ದೇನೆ. ಕೆಮ್ಮು ಕಡಿಮೆಯಾಯಿತೇ? ಆಗದಿದ್ದರೆ ನಿನ್ನ ಸುತ್ತ ಅಷ್ಟು ಜನ ಡಾಕ್ಟರು ಓಡಾಡುತ್ತಾರಲ್ಲ, ಒಬ್ಬರಿಗಾದರೂ ಬಾಯಿಬಿಟ್ಟು ಹೇಳು. ನನ್ನ ಮಂಡಿ ಹಾಗೇ ಇದೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ, ಎಂದಿನಂತೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಕ್ಷೇಮಸಮಾಚಾರ ಮುಗಿಯಿತು, ಇನ್ನು ಬೈಗುಳ. ಫೋನಿನಲ್ಲಿ ಬೈದರೆ ‘ಅಮ್ಮಾ, ನಾಲ್ಕನೇ ಮಹಡಿಯಿಂದ ಗಂಟೆ ಹೊಡೀತಿದಾರೆ, ಲಿಫ್ಟ್ ಕಳಿಸ್ಬೇಕು’ ಎಂದು ಇಟ್ಟುಬಿಡುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಕೂತು ಕೊನೆಯವರೆಗೂ ಓದು.

ನಿನ್ನ ಮಗಳು, ನಮ್ಮ ಕಡ್ಡಿ, ಎಂಟನೆಯ ತರಗತಿ ಮುಗಿಸಿ ಆ ಶಾಲೆ ಬಿಡುತ್ತಿದ್ದಾಳೆ. ಬಿಡುವ ಮಕ್ಕಳೆಲ್ಲ ಸೇರಿ ವರ್ಷವೂ ಒಂದು ಪುಸ್ತಕ ಮಾಡುತ್ತಾರೆ. ತಲೆಗೊಂದು ಹಾಳೆ. ಹಾಳೆಯ ಮುಂಬದಿಯಲ್ಲಿ ಶಾಲೆಯ ನೆನಪು, ಹಿಂಬದಿಯಲ್ಲಿ ಮುಂದೇನಾಗಬೇಕು ಎಂಬ ಆಸೆ. ಈ ಸಲ ಆ ಕೆಲಸ ನಮ್ಮ ಪ್ರೆಸ್ಸಿಗೇ ಬಂತು. ಹಾಳೆ ಮಡಚಿ, ಹೊಲಿದು, ರಟ್ಟು ಕಟ್ಟುವವಳು ನಾನಲ್ಲದೆ ಇನ್ಯಾರು? ಕಡ್ಡಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ‘ಅಜ್ಜಿ, ನನ್ನ ಪುಟ ಮಾತ್ರ ಹುಡುಕ್ಬೇಡ. ಸಭೇಲಿ ನಾನೇ ಓದ್ತೀನಿ, ಅಲ್ಲಿ ಕೂತು ಕೇಳು’ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಹುಡುಕುವುದಕ್ಕೆ ನನಗೇನು ಚಟವೇ? ನಲವತ್ತೆಂಟು ವರ್ಷದಿಂದ ಪುಸ್ತಕ ಹೊಲಿಯುತ್ತಿದ್ದೇನೆ, ಒಂದನ್ನೂ ಓದಿಲ್ಲ. ಐದನೆಯ ತರಗತಿಗೇ ಶಾಲೆಗೆ ಕೈಮುಗಿದವಳಾದರೂ ಅಕ್ಷರ ಬರುತ್ತದೆ. ಆದರೆ ಹೊಲಿಯುವವಳು ಓದಲು ಕೂತರೆ ಕೈ ನಿಂತುಹೋಗುತ್ತದೆ. ಪುಟದ ಸಂಖ್ಯೆ ಒಂದರ ಹಿಂದೊಂದು ಬಂದಿದೆಯೇ, ಅಷ್ಟೇ ನನ್ನ ಓದು.

ಎಲ್ಲ ಹೊಲಿದು ಮುಗಿದಿತ್ತು, ನೂರ ನಲವತ್ತು ಪುಸ್ತಕ. ರಟ್ಟು ಹಾಕುವುದೊಂದು ಬಾಕಿ. ಪ್ರೆಸ್ಸಿನ ಯಜಮಾನ ಒಂದು ಕಟ್ಟು ಹೊಸ ಹಾಳೆ ತಂದು ನನ್ನ ಮೇಜಿನ ಮೇಲೆ ಕುಕ್ಕಿದ. ‘ಅಜ್ಜೀ, ಮೂವತ್ತೇಳನೇ ಪುಟದಲ್ಲಿ ತಪ್ಪಾಗಿದ್ಯಂತೆ. ಶಾಲೆಯವ್ರು ಬದಲಾಯ್ಸಿ ಅಂದಿದಾರೆ.’ ಹೊಲಿಗೆ ಬಿಚ್ಚುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ನಾವು ಮಾಡುವುದು ಒಂದೇ. ಬೆನ್ನಿನ ಹತ್ತಿರ ಬೆರಳಗಲ ಅಂಚು ಬಿಟ್ಟು ಹಳೆಯ ಹಾಳೆಯನ್ನು ಕತ್ತರಿಸಿ, ಆ ಅಂಚಿಗೆ ಗೋಂದು ಬಳಿದು ಹೊಸ ಹಾಳೆ ಕೂರಿಸುವುದು. ಎರಡು ದಿನ ಅದನ್ನೇ ಮಾಡಿದೆ. ಮಂಡಿ ನೋವು ಬೇರೆ. ಕತ್ತರಿಸಿದ ಪ್ರತಿ ಹಾಳೆಗೂ, ಬರೆದ ಮಗು ಯಾವುದೋ ಏನೋ, ಶಾಪ ಹಾಕಿದೆ. ‘ಒಂದು ಪುಟ ನೆಟ್ಟಗೆ ಬರೆಯಲಾಗದ ಮುಂಡೇದು, ಮುಂದೇನು ಉದ್ಧಾರ ಆಗುತ್ತೆ’ ಎಂದೆ. ಪಕ್ಕದಲ್ಲಿ ಮಡಚುತ್ತಿದ್ದವಳು ನಕ್ಕಳು. ನಾನೂ ನಕ್ಕೆ. ನನ್ನ ನಾಲಿಗೆಗೆ ಬೆಂಕಿ ಹಾಕ.

ಶನಿವಾರ ಸಭೆ. ನಿನ್ನ ಹೆಂಡತಿಯೂ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಒಬ್ಬೊಬ್ಬರಾಗಿ ಎದ್ದು ಓದಿದರು. ಒಬ್ಬಳಿಗೆ ಹಾಡುಗಾರ್ತಿಯಾಗಬೇಕಂತೆ. ಇನ್ನೊಬ್ಬಳಿಗೆ ಏನೂ ಆಗುವುದು ಬೇಡವಂತೆ, ಆ ಹುಡುಗಿ ನನಗೆ ಹಿಡಿಸಿದಳು. ಕಡ್ಡಿಯ ಸರದಿ ಬಂತು. ಪುಸ್ತಕ ತೆರೆದಳು, ನೋಡಿದಳು, ತಿರುವಿದಳು, ಮತ್ತೆ ನೋಡಿದಳು. ಅಷ್ಟು ದೂರಕ್ಕೂ ಅವಳ ಬೆರಳು ಪುಸ್ತಕದ ಒಳಮೂಲೆಯನ್ನು ಸವರುವುದು ಕಾಣುತ್ತಿತ್ತು. ‘ನನ್ನ ಹಾಳೆ ಇದ್ರಲ್ಲಿ ಇಲ್ಲ ಮಿಸ್’ ಎಂದು ಕೂತುಬಿಟ್ಟಳು. ಹುಡುಗರು ಹೋ ಎಂದು ನಕ್ಕರು. ನನಗೆ ಅವಳ ಮೇಲೇ ಸಿಟ್ಟು ಬಂತು, ನಾನು ಹೊಲಿದ ಪುಸ್ತಕದಲ್ಲಿ ಹಾಳೆ ಇಲ್ಲವೆನ್ನುತ್ತಾಳಲ್ಲ ಎಂದು.

ಮನೆಗೆ ಬಂದ ಮೇಲೆ ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಒಮ್ಮೆ ಗದರಿ ಸುಮ್ಮನಾಗಿಸುತ್ತಿದ್ದೆ. ‘ಅಜ್ಜಿ, ಇದನ್ನ ಕತ್ತರಿಸಿ ಅಂಟಿಸಿದ್ದು ನೀನೇ ಅಲ್ವಾ? ಅಂಚು ಒಂದೇ ಸಮ ಇದೆ, ಬೇರೆಯವ್ರು ಇಷ್ಟು ಚೆನ್ನಾಗಿ ಕತ್ತರ್ಸಲ್ಲ’ ಎಂದಳು. ಕೇಳಿದೆಯೇನೋ? ಹದಿನಾಲ್ಕು ವರ್ಷದ ಹುಡುಗಿ ನನ್ನ ಕೈಕೆಲಸವನ್ನು ಹೊಗಳಿದಳು. ನನ್ನ ಜನ್ಮದಲ್ಲಿ ಅಂಥ ಹೊಡೆತ ತಿಂದಿಲ್ಲ.

ಆಗ ಓದಿದೆ, ನಾನು ಅಂಟಿಸಿದ್ದನ್ನು. ‘ನನ್ನ ತಂದೆಯವರು ಪ್ರತಿಷ್ಠಿತ ಆಸ್ಪತ್ರೆಯೊಂದರ ಆಡಳಿತಾಧಿಕಾರಿಗಳು. ಅವರ ಆಶಯದಂತೆ ತಜ್ಞ ವೈದ್ಯೆಯಾಗಿ ಸಮಾಜಸೇವೆ ಮಾಡುವುದೇ ನನ್ನ ಗುರಿ.’ ಕೆಳಗೆ ಅವಳ ಹೆಸರು. ಇದನ್ನು ಬರೆದ ಕೈ ಯಾವುದೆಂದು ನನಗೆ ತಕ್ಷಣ ತಿಳಿಯಿತು. ಚಿಕ್ಕಂದಿನಲ್ಲಿ ರಜೆಚೀಟಿಯಲ್ಲೂ ನೀನು ಹೀಗೇ ಗತ್ತು ಮಾಡುತ್ತಿದ್ದೆ.

ನಿನ್ನೆ ಭಾನುವಾರ, ಪ್ರೆಸ್ಸಿಗೆ ರಜೆ. ಯಜಮಾನನ ಮನೆಗೇ ಹೋಗಿ ಬೀಗದ ಕೈ ಕಿತ್ತುಕೊಂಡು ಬಂದು ರದ್ದಿಯ ಗೋಣಿಚೀಲ ಸುರುವಿದೆ. ಕತ್ತರಿಸಿದ ಹಾಳೆ ಒಂದಲ್ಲ, ಕಂತೆಯೇ ಸಿಕ್ಕಿತು. ನೆಲದ ಮೇಲೆ ಕೂತು, ಬೆರಳಿಟ್ಟು, ನಿಧಾನಕ್ಕೆ ಓದಿದೆ. ನಿನಗೂ ಬರೆಯುತ್ತೇನೆ, ನೀನು ಅಳಿಸಿದ್ದು ಏನೆಂದು ಇನ್ನೊಮ್ಮೆ ನೋಡು. ಏಳನೆಯ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ರಾಟೆಯ ಪಾಠ ಮಾಡುತ್ತಿದ್ದರಂತೆ. ಇವಳು ಎದ್ದು, ಲಿಫ್ಟ್ ಮೇಲೆ ಹೋದಾಗ ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ತೂಕದ ಭಾರ ಕೆಳಗೆ ಬರುತ್ತದೆ, ಕಣ್ಣಿಗೆ ಕಾಣದ ಆ ಭಾರವೇ ಅರ್ಧ ಕೆಲಸ ಮಾಡುವುದು ಎಂದಳಂತೆ. ಮೇಷ್ಟ್ರು ಸೀಮೆಸುಣ್ಣ ಅವಳ ಕೈಗೆ ಕೊಟ್ಟು, ಬೋರ್ಡಿನ ಮೇಲೆ ಬಿಡಿಸು ಎಂದರಂತೆ. ಆಮೇಲೆ ಹೀಗೆ ಬರೆದಿದ್ದಾಳೆ: ‘ನನ್ನ ಅಪ್ಪ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವರು ಅವರು. ಆ ದಿನ ನಲವತ್ತು ಜನ ನನ್ನ ಅಪ್ಪನ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಅದೇ ನನ್ನ ಶಾಲೆಯ ನೆನಪು.’ ಹಾಳೆಯ ಹಿಂಬದಿಯಲ್ಲಿ ಆಸೆ. ಲಿಫ್ಟ್ ರಿಪೇರಿ ಕಲಿಯಬೇಕಂತೆ. ನಡುವೆ ಸಿಕ್ಕಿಬಿದ್ದವರನ್ನು ಹೊರಗೆ ತರಬೇಕಂತೆ. ಕೊನೆಯ ಸಾಲು, ‘ಅಪ್ಪನ ಸ್ಟೂಲಿಗೆ ಒರಗಲು ಬೆನ್ನಿಲ್ಲ, ಮೊದಲು ಅದಕ್ಕೊಂದು ಮಾಡಿಕೊಡುತ್ತೇನೆ.’

ಅಲ್ಲಿಂದ ನೇರ ಅವಳ ಕ್ಲಾಸ್ ಟೀಚರ ಮನೆಗೆ ಹೋದೆ. ಪಾಪದ ಹೆಂಗಸು, ನನ್ನ ಮುಖ ನೋಡಿಯೇ ಎರಡು ಹೆಜ್ಜೆ ಹಿಂದೆ ಸರಿದರು. ಅಚ್ಚಾದ ಪುಟದ ಫೋಟೋವನ್ನು ತಂದೆತಾಯಿಗಳಿಗೆಲ್ಲ ಖುಷಿಯಿಂದ ಕಳಿಸಿದ್ದರಂತೆ. ‘ನಿಮ್ಮ ಮಗನೇ ಫೋನ್ ಮಾಡಿದ್ರಮ್ಮ. ಮಗು ತಮಾಷೆಗೆ ಏನೋ ಬರೆದಿದೆ, ನನ್ನ ಹುದ್ದೆ ತಪ್ಪಾಗಿದೆ ಅಂತ ಹೇಳಿ ಅವ್ರೇ ಬರೆಸಿದ್ರು. ಮಗುವಿಗೆ ನಾನೇ ಹೇಳ್ತೀನಿ ಅಂದ್ರು.’ ಹೇಳಿದೆಯಾ? ಇಲ್ಲ. ನಿನ್ನ ಹೆಂಡತಿಗೆ ಮಾತ್ರ ನೀನು ಹೇಳಿದೆ, ಅವಳು ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಅವಳಿಗೆ ಬೇರೆ ಬೈದಾಗಿದೆ.

ಲೋ, ನಾಚಿಕೆಗೇಡಿ, ನೀನೇನು ಕದ್ದು ತಿನ್ನುತ್ತಿದ್ದೀಯಾ? ಹನ್ನೊಂದು ವರ್ಷದಿಂದ ಒಂದು ದಿನ ತಪ್ಪಿಸದೆ ಕಾಯಿಲೆಯವರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಿದ್ದೀಯ. ಮುಖ ನೋಡಿಯೇ ಯಾವ ಮಹಡಿ ಎಂದು ಹೇಳುತ್ತೀಯಂತೆ. ಅದನ್ನೂ ಕಡ್ಡಿಯೇ ಊರೆಲ್ಲ ಸಾರುತ್ತಿದ್ದದ್ದು. ಅಧಿಕಾರಿಯಾಗುವ ಆಸೆಯಿದ್ದರೆ ಆಗು, ಬೇಡವೆಂದವರು ಯಾರು? ಮಗಳ ಹಾಳೆ ಹರಿದು ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂರಬೇಡ. ಅದಕ್ಕೆ ನನ್ನ ಕೈಯನ್ನೂ ಬಳಸಿಕೊಂಡೆ. ನಿನಗೆ ಗೊತ್ತಿರಲಿಲ್ಲ ಎನ್ನಬೇಡ. ಆ ಪುಸ್ತಕ ನಮ್ಮ ಪ್ರೆಸ್ಸಿಗೆ ಬಂದಿದೆಯೆಂದು ಹೋದ ತಿಂಗಳೇ ಹೇಳಿದ್ದೆ. ಗೊತ್ತಿದ್ದೂ ಮಾಡಿದೆಯಾ, ಯೋಚಿಸದೆ ಮಾಡಿದೆಯಾ? ಎರಡರಲ್ಲಿ ಯಾವುದಾದರೂ ನಿನಗೆ ನನ್ನಿಂದ ಕ್ಷಮೆಯಿಲ್ಲ.

ಅವಳ ಪುಸ್ತಕದಲ್ಲಿ ಹಳೆಯ ಹಾಳೆ ಮತ್ತೆ ಕೂರಿಸುತ್ತೇನೆ, ಕೊಡು ಎಂದೆ. ಕೊಡಲಿಲ್ಲ. ‘ಬೇಡ ಅಜ್ಜಿ, ಅಪ್ಪನಿಗೆ ಇದೇ ಇಷ್ಟ ಅಂದ್ರೆ ಇದೇ ಇರ್ಲಿ’ ಎಂದು ಬೀರುವಿನ ಮೇಲೆ ಹಾಕಿದ್ದಾಳೆ. ನಿನ್ನ ಫೋನ್ ಬಂದರೆ ಸ್ನಾನಕ್ಕೆ ಹೋಗುತ್ತಾಳೆ. ಶನಿವಾರದಿಂದ ಐದು ಸಲ ಸ್ನಾನ ಮಾಡಿದ್ದಾಳೆ.

ಮದ್ದು ತಗೊ, ಹೊತ್ತಿಗೆ ಸರಿಯಾಗಿ ಉಣ್ಣು. ಒಳ್ಳೆಯದಾಗಲಿ ಎಂದು ಹರಸದೆ ಇರಲು ನನ್ನಿಂದಾಗುವುದಿಲ್ಲ, ಅದು ನನ್ನ ಕರ್ಮ.

ಇಂತು,
ಪುಸ್ತಕ ಹೊಲಿಯುವ ನಿನ್ನ ತಾಯಿ

ವಿ.ಸೂ. ಜೊತೆಗೆ ಮಡಚಿಟ್ಟಿರುವುದು ಹೈಸ್ಕೂಲಿಗೆ ಸೇರುವ ಅರ್ಜಿ. ಕಡ್ಡಿ ಎಲ್ಲವನ್ನೂ ತುಂಬಿದ್ದಾಳೆ, ‘ತಂದೆಯ ಉದ್ಯೋಗ’ ಎಂಬ ಒಂದು ಸಾಲು ಖಾಲಿ ಬಿಟ್ಟಿದ್ದಾಳೆ. ಬರೆಯೇ ಎಂದರೆ ‘ನಂಗೊತ್ತಿಲ್ಲ ಅಜ್ಜಿ, ಅಪ್ಪನನ್ನೇ ಕೇಳು’ ಎನ್ನುತ್ತಾಳೆ. ನಿನ್ನ ಹೆಂಡತಿ ಬರೆಯಲಿಲ್ಲ, ನಾನೂ ಬರೆಯುವುದಿಲ್ಲ. ಇಪ್ಪತ್ತೇಳನೆಯ ತಾರೀಖು ಕೊನೆಯ ದಿನ. ನೀನೇ ಪೆನ್ನು ಹಿಡಿದು, ಸ್ವಂತ ಕೈಯಲ್ಲಿ ಬರೆದು ಕಳಿಸು. ಲಕೋಟೆ ನಾನು ಒಡೆಯುವುದಿಲ್ಲ, ಅವಳ ಕೈಗೇ ಕೊಡುತ್ತೇನೆ.