ತಡವಿಲ್ಲದೆ ಕುಳಿತ ವಾಕ್ಯ

ಬಳ್ಳಾರಿ ಕೆಳಪೇಟೆ,
ಫೆಬ್ರವರಿ ಮೂವತ್ತು, ೨೪೧೭

ನಮಗಿಂತ ಹಿಂದಿನವರಿಗೆ,

ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಮಾತೂ ಸೊಟ್ಟವೇ. ನಾನು ಶಾಲೆ ಬಿಟ್ಟವಳು.

ಊರಿನವರು ಬರೆದದ್ದನ್ನೆಲ್ಲ ಇಟ್ಟುಕೊಳ್ಳಲು ಒಂದೇ ಯಂತ್ರ. ಅದರೊಳಗೆ ಪ್ರತಿಯೊಬ್ಬರಿಗೂ ಒಂದು ಗೂಡು: ಬೀಗವಿರುವ, ತನ್ನದೇ ಯಂತ್ರದಂತೆ ಕಾಣುವ ಜಾಗ. ಯಂತ್ರವನ್ನು ತಣ್ಣಗಿಡುವುದು ನಾವು ಕುಡಿಯಬೇಕಾದ ನೀರು. ಆದ್ದರಿಂದ ಇಬ್ಬರ ಗೂಡಿನಲ್ಲಿ ಒಂದೇ ವಾಕ್ಯವಿದ್ದರೆ ಯಂತ್ರ ಅದನ್ನು ಒಂದೇ ಸಲ ಇಟ್ಟುಕೊಂಡು ಇಬ್ಬರಿಗೂ ತೋರಿಸುತ್ತದೆ. ಜಾಗ ಉಳಿಯುತ್ತದೆ, ನೀರು ಉಳಿಯುತ್ತದೆ. ಶಾಲೆಯಲ್ಲಿ ಅದಕ್ಕೆಂದೇ ಅಚ್ಚುಮಾತು ಕಲಿಸುತ್ತಾರೆ: ಹಬ್ಬಕ್ಕೆ, ಸಾವಿಗೆ, ಪ್ರೀತಿಗೆ ಎಲ್ಲರೂ ಬರೆಯಬೇಕಾದ ಅದದೇ ವಾಕ್ಯ. ಅಚ್ಚಿನಲ್ಲಿ ಬರೆಯದವರಿಗೆ ಅರ್ಧ ನೀರು. ನನ್ನ ಅಕ್ಕ ಪಾರವ್ವನಿಗೆ ಅಚ್ಚುಮಾತಿನಲ್ಲಿ ಬಹುಮಾನ ಬಂದಿತ್ತು.

ಅವಳ ಗಂಡ ಈರಣ್ಣ ಒಂದು ಸಂಜೆ ಯಂತ್ರದ ನೀರನ್ನು ನಮ್ಮ ಓಣಿಗೆ ತಿರುಗಿಸಿದ. ಯಂತ್ರದ ಕಾವಲಿನವರು ಹುಡುಕತೊಡಗಿದಾಗ ಅಡಗಿಕೊಂಡ. ಅಕ್ಕ ಮನಸ್ಸು ತಡೆಯದೆ ತನ್ನ ಗೂಡಿನಲ್ಲಿ ಬರೆದಳು: ‘ನನ್ನ ಗಂಡ ಹಳೆಯ ಪಂಪ್‌ಹೌಸಿನಲ್ಲಿ ಕ್ಷೇಮವಾಗಿದ್ದಾನೆ.’ ಅಪ್ಪಟ ಅಚ್ಚುಮಾತು. ಕಾವಲಿನವರು ಅವಳ ಬೀಗ ಮುಟ್ಟಲಿಲ್ಲ. ತಮ್ಮ ಗೂಡಿನಲ್ಲೇ ಆ ಅಚ್ಚಿಗೆ ಊರಿನ ಒಂದೊಂದು ಜಾಗದ ಹೆಸರು ಹಾಕಿ ಬರೆಯುತ್ತ ಹೋದರು. ಹೊಸ ವಾಕ್ಯವಾದರೆ ಯಂತ್ರ ಜಾಗ ಹುಡುಕಬೇಕು, ಕೊಂಚ ತಡವಾಗುತ್ತದೆ. ಪಂಪ್‌ಹೌಸ್ ಎಂದು ಬರೆದಾಗ ತಡವಾಗಲಿಲ್ಲ: ಆ ವಾಕ್ಯ ಆಗಲೇ ಯಾರದೋ ಗೂಡಿನಲ್ಲಿತ್ತು. ಅವರು ಅಲ್ಲಿಗೆ ನುಗ್ಗಿದಾಗ ಭಾವ ಹಿಂದಿನ ಕಿಟಕಿಯಿಂದ ಹಾರಿ ತಪ್ಪಿಸಿಕೊಂಡ.

ಆಮೇಲೆ ಅವನನ್ನು ಅಡಗಿಸಿದವಳು ನಾನು.

“ಎಲ್ಲಿ ಅದಾರಂತ ಹೇಳಬಾರದೇನ ಹುಚ್ಚಿ?” ಅಕ್ಕ ಗೋಗರೆದಳು.

“ಹೇಳಿದ್ರ ನೀ ಚೆಂದಾಗಿ ಬರದುಬಿಡ್ತಿ, ಯಕ್ಕಾ.”

ಅವಳು ನಕ್ಕಳು, ನಗುತ್ತಲೇ ಅತ್ತಳು.

ಇವತ್ತು ನನಗೇ ತಳಮಳ. ಯಾರಾದರೂ ಊಹಿಸಿರಬಹುದೇ ಎಂದು ತಿಳಿಯಲು ಭಾವನ ಜಾಗವನ್ನು ನನ್ನ ಗೂಡಿನಲ್ಲಿ ನನ್ನ ಸೊಟ್ಟ ಮಾತಿನಲ್ಲಿ ಬರೆದೆ, ನೋಡಿ ಅಳಿಸೋಣವೆಂದು. ತಡವಾಗಲಿಲ್ಲ. ಕಾವಲಿನವರು ನನ್ನ ಸೊಟ್ಟತನವನ್ನೂ ಕಲಿತಿದ್ದಾರೆ. ಊಹೆಗಳನ್ನೆಲ್ಲ ನನ್ನ ಮಾತಿನಲ್ಲೇ ಬರೆದಿಟ್ಟು, ನಾನು ಬರೆಯಲೆಂದು ಕಾದಿದ್ದರು. ಜೋಡಿಯಿರುವ ವಾಕ್ಯವನ್ನು ತಿದ್ದಹೋದರೆ ಯಂತ್ರ ಹೊಸ ಜಾಗ ಹುಡುಕಬೇಕು, ತಡವಾಗುತ್ತದೆ; ಯಾವುದಕ್ಕೆ ಜೋಡಿ ಸಿಕ್ಕಿತೆಂದು ಅವರಿಗೀಗ ಗೊತ್ತು.

ಓಡಿಹೋಗಿ ಭಾವನಿಗೆ ಹೇಳಲಾರೆ. ಬಿಸಿಲು ಇಳಿಯುವ ತನಕ ಓಣಿಯ ಬಾಗಿಲು ತೆರೆಯುವುದಿಲ್ಲ. ಈ ಬಿಸಿಲನ್ನು ತಡೆಯುವ ಅಂಗಿ ಇರುವುದು ಕಾವಲಿನವರಿಗೆ ಮಾತ್ರ. ಇನ್ನು ಗೂಡಿನಲ್ಲಿ ಬರೆಯಲಾರೆ, ಅದಕ್ಕೇ ಸುಟ್ಟ ಕಡ್ಡಿಯಿಂದ ಬಟ್ಟೆಯ ಮೇಲೆ ಇದನ್ನು ಬರೆಯುತ್ತಿದ್ದೇನೆ. ಜಾಗ ಉಳಿಸಬೇಡಿ ಎನ್ನಲಾರೆ, ನೀರಡಿಕೆ ನನಗೂ ಗೊತ್ತು. ಒಬ್ಬರ ಗೂಡಿನೊಳಗೆ ಎಷ್ಟು ಬೇಕಾದರೂ ಉಳಿಸಿ. ಒಬ್ಬರ ಮಾತನ್ನು ಇನ್ನೊಬ್ಬರದಕ್ಕೆ ಹೋಲಿಸಿ ನೋಡಲು ಮಾತ್ರ ಯಂತ್ರವನ್ನು ಬಿಡಬೇಡಿ.

ಹೊರಗೆ ಬೂಟಿನ ಸಪ್ಪಳ. ನಮ್ಮ ಮನೆಯ ಮುಂದೆ ನಿಲ್ಲದೆ ನೇರ ಹೋಯಿತು. ನಮ್ಮನ್ನು ಕೇಳುವುದು ಅವರಿಗೆ ಏನೂ ಉಳಿದಿಲ್ಲ.

ನೀಲವ್ವ